ಶೆಟ್ಟಮ್ಮನ ಜಾಗದಲ್ಲಿ ಕೂರಿಸಿದ ಗೊಂಬೆ

ಮೇಡಂ ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷ ಶಿಕಾಗೋ ನಗರದಲ್ಲಿ ಬಸ್ಸು ಓಡಿಸಿದವರು. ಸ್ಟಿಯರಿಂಗ್ ಮೇಲಿನಿಂದ ಕೈ ತೆಗೆಯದೆ ಹೊತ್ತು ನೋಡಬೇಕೆಂದರೆ ಅದೊಂದೇ ದಾರಿಯಂತೆ. ರಿಟೈರ್ ಆಗಿ ಎಷ್ಟೋ ವರ್ಷವಾಗಿದ್ದರೂ ಅಭ್ಯಾಸ ಹೋಗಿರಲಿಲ್ಲ. ಗಂಟೆ ಎಷ್ಟು ಎಂದು ಯಾರಾದರೂ ಕೇಳಿದರೆ ಅಂಗೈ ಮೇಲೆ ಮಾಡಿ, ಪರೀಕ್ಷೆಗೆ ಕೈ ಮೇಲೆ ಉತ್ತರ ಬರೆದುಕೊಂಡು ಬಂದವರ ಹಾಗೆ ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ಆ ಕೈಗಳು ದೊಡ್ಡವು, ಬೆರಳ ಗಂಟುಗಳು ಊದಿದ್ದವು, ಉಗುರುಗಳು ಮಾತ್ರ ಯಾವಾಗಲೂ ನೀಟಾಗಿ ಕತ್ತರಿಸಿದ್ದವು.

ಮೇಡಂ ಎಂಬುದು ಈ ಬರಹಕ್ಕಾಗಿ ನಾನು ಇಟ್ಟುಕೊಂಡ ಹೆಸರು. ಎದುರಿಗೆ ನಾನು ಅವರನ್ನು ಮಿಸೆಸ್ ಎಂದು ಸೇರಿಸಿ, ಮನೆತನದ ಹೆಸರಿನಿಂದ ಕರೆಯುತ್ತಿದ್ದೆ. ಅವರೂ ನನ್ನನ್ನು ಮಿಸೆಸ್ ಎಂದೇ ಕರೆಯುತ್ತಿದ್ದರು. ಕಸದ ಲಾರಿಯವನೂ ಅವರಿಗೆ ಮಿಸ್ಟರ್, ಹದಿನಾರು ವರ್ಷದ ಪಿಜ್ಜಾ ಹುಡುಗನೂ ಮಿಸ್ಟರ್. ಮೈಸೂರಿನಲ್ಲಿ ಮದುವೆಯ ಆಮಂತ್ರಣ ಪತ್ರಿಕೆಯ ಮೇಲೆ ಬಿಟ್ಟರೆ ನನ್ನನ್ನು ಯಾರೂ ಶ್ರೀಮತಿ ಎಂದವರಿರಲಿಲ್ಲ. ಮೊದಮೊದಲು ಅವರು ಹಾಗೆ ಕರೆದಾಗ ನಮ್ಮ ಅತ್ತೆ ಎಲ್ಲಾದರೂ ಹಿಂದೆ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದೆ.

ಶಿಕಾಗೋ ಹೊರವಲಯದ ಶಾಮ್‌ಬರ್ಗಿನ ಟೌನ್‌ಹೌಸುಗಳ ಸಾಲಿನಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ನಾವು ಬಂದ ವಾರವೇ ನಾನು ಸ್ಟೀಲ್ ಡಬ್ಬಿಯಲ್ಲಿ ಆರು ರವೆ ಉಂಡೆ ಹಾಕಿಕೊಂಡು ಹೋಗಿ ಅವರ ಬಾಗಿಲು ತಟ್ಟಿದೆ. ಎಪ್ಪತ್ತು ದಾಟಿದ, ಎತ್ತರದ, ಕಪ್ಪು ಜನಾಂಗದ ಹೆಂಗಸು ಬಾಗಿಲು ತೆಗೆದರು. ನಾನು ಹಲ್ಲು ಕಿರಿದು, "ಹಲೋ ಆಂಟಿ!" ಎಂದೆ.

ಅವರ ಮುಖ ಗಂಟಾಯಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಥ್ಯಾಂಕ್ಸ್ ಹೇಳಿದರು, ಆಮೇಲೆ ನಿಧಾನವಾಗಿ, "ನಾನು ನಿಮ್ಮ ಆಂಟಿ ಅಲ್ಲ. ನನಗೆ ಇಬ್ಬರು ತಂಗಿಯರಿದ್ದಾರೆ, ಅವರ ಮಕ್ಕಳಿಗೆ ನಾನು ಆಂಟಿ. ನಿಮಗೆ ಮಿಸೆಸ್" ಎಂದರು. ಬಾಗಿಲು ಮುಚ್ಚಿಕೊಂಡಿತು.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಸಂಜೆ ನನ್ನ ಗಂಡ ಲಿಸ್ಲ್‌ನ ಆಫೀಸಿನಿಂದ ಬಂದ ತಕ್ಷಣ ಶುರು ಹಚ್ಚಿಕೊಂಡೆ. "ಏನ್ ಜಂಬ ಅಂತೀರಿ! ಮರ್ಯಾದೆ ಕೊಟ್ಟು ಆಂಟಿ ಅಂದ್ರೆ ಸಿಟ್ಟು ಬರುತ್ತಲ್ಲ."

"ವಯಸ್ಸಾಗಿದೆ ಅಂದ್ಹಾಗಾಯ್ತೇನೋ, ಬಿಡು" ಎಂದರು ಅವರು. "ಜಯನಗರದಲ್ಲಿ ಯಾರಿಗಾದ್ರೂ ಆಂಟಿ ಅಂದು ನೋಡು, ಚಪ್ಪಲಿ ತಗೊಂಡ್ ಬರ್ತಾರೆ."

ಅಲ್ಲಿಗೆ ನಾವಿಬ್ಬರೂ ನಕ್ಕು ಆ ವಿಷಯ ಮುಗಿಸಿದೆವು. ಮೂರನೆಯ ದಿನ ಡಬ್ಬಿ ತೊಳೆದು ಬಂತು, ಒಳಗೆ ನಾಲ್ಕು ತುಂಡು ಮುಸುಕಿನ ಜೋಳದ ಬ್ರೆಡ್ಡು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂಬ ಶಾಸ್ತ್ರ ಅವರ ಕಡೆಯೂ ಇದೆಯೆಂದು ತಿಳಿದು ನನ್ನ ಸಿಟ್ಟು ಅರ್ಧ ಇಳಿಯಿತು.

ಮಿಕ್ಕರ್ಧ ಇಳಿದದ್ದು ಜನವರಿಯಲ್ಲಿ. ಮಗಳಿಗೆ ಜ್ವರ ಬಂದಿದೆ, ಬಂದು ಕರೆದುಕೊಂಡು ಹೋಗಿ ಎಂದು ಸ್ಕೂಲಿನಿಂದ ಫೋನು. ಇರುವ ಒಂದು ಕಾರು ಲಿಸ್ಲ್‌ನಲ್ಲಿ, ಗಂಡ ಮೀಟಿಂಗಿನಲ್ಲಿ. ನಾನು ಒಂದೂವರೆ ಮೈಲಿ ಹಿಮದಲ್ಲಿ ನಡೆದೇ ಹೊರಟೆ. ಹಿಂದಿನಿಂದ ದೋಣಿಯಷ್ಟು ಉದ್ದದ ಹಳೇ ಕಂದು ಕಾರು ಬಂದು ಪಕ್ಕಕ್ಕೆ ನಿಂತಿತು. ಮೇಡಂ ಏನೂ ಕೇಳದೆ ಹತ್ತಿಸಿಕೊಂಡು, ಮಗಳನ್ನು ಕರೆತಂದು, ನಮ್ಮ ಬಾಗಿಲಲ್ಲಿ ಇಳಿಸಿದ ಮೇಲೆ ಕೇಳಿದರು: "ನಿಮಗೆ ಡ್ರೈವಿಂಗ್ ಬರುವುದಿಲ್ಲವೇ?"

"ಇಲ್ಲ."

ಅಂಗೈ ತಿರುಗಿಸಿ ಗಡಿಯಾರ ನೋಡಿಕೊಂಡರು, ಈಗಿಂದೀಗಲೇ ಶುರು ಮಾಡುವವರ ಹಾಗೆ. "ಮಂಗಳವಾರ, ಹತ್ತು ಗಂಟೆಗೆ" ಎಂದರು.

ಹೀಗೆ ನನಗೆ ಗುರು ಸಿಕ್ಕರು. ಆ ಹೊತ್ತಿಗೆ ನಾನು ಅಮೆರಿಕಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಎಂ.ಕಾಂ. ಓದಿದ್ದ ನಾನು ಹಾಲು ತರಲೂ ಗಂಡನ ದಾರಿ ಕಾಯುತ್ತ, ಕಿಟಕಿಯಲ್ಲಿ ಅಳಿಲು ಎಣಿಸುತ್ತ ಕೂತಿದ್ದೆ. ಕಾರು ಕಲಿಯುವುದೆಂದರೆ ನನಗೆ ಉಸಿರಾಡಲು ಕಲಿಯುವುದೇ ಆಗಿತ್ತು.

ಅವರ ಪಾಠಕ್ಕೆ ಒಂದು ಪೇಪರ್ ಲೋಟ ಬೇಕು. ಅದರ ಮುಕ್ಕಾಲು ಭಾಗ ನೀರು ತುಂಬಿ ಕಪ್ ಇಡುವ ಗುಳಿಯಲ್ಲಿ ಇಡುತ್ತಿದ್ದರು. ನಾನು ಬ್ರೇಕ್ ಒತ್ತಿದಾಗ ನೀರು ಚೆಲ್ಲಿದರೆ, "ಮುದುಕಿ ಬಿದ್ದಳು" ಎನ್ನುತ್ತಿದ್ದರು. ಬಸ್ಸಿನಲ್ಲಿ ಸೀಟು ಸಿಗದೆ ಕಂಬಿ ಹಿಡಿದು ನಿಂತ ಒಬ್ಬ ಮುದುಕಿ ಸದಾ ನಮ್ಮ ಬೆನ್ನ ಹಿಂದೆ ಇದ್ದಾಳೆಂದು ತಿಳಿದು ಬ್ರೇಕ್ ಒತ್ತಬೇಕಂತೆ. ಮೊದಲ ದಿನ ಮಾಲ್‌ನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಾನು ಹದಿನಾಲ್ಕು ಮುದುಕಿಯರನ್ನು ಕೆಡವಿದೆ. ಮೇಡಂ ಒಂದು ಸಲವೂ ದನಿ ಎತ್ತಲಿಲ್ಲ, ಕಾಲ ಬಳಿ ಇಟ್ಟುಕೊಂಡ ಬಾಟಲಿಯಿಂದ ಮತ್ತೆ ನೀರು ತುಂಬಿದರು ಅಷ್ಟೆ. ಹಿಂದಿನ ಕಾರಿನವನು ಹಾರ್ನ್ ಹೊಡೆದರೆ, "ಅವಸರ ಅವನದು, ನಿಮ್ಮದಲ್ಲ" ಎನ್ನುತ್ತಿದ್ದರು. ಇಂದಿಗೂ ನಾನು ಆಫೀಸಿನಲ್ಲಿ ಯಾರಾದರೂ ತಲೆ ಮೇಲೆ ಬಂದು ಕೂತರೆ ಮನಸ್ಸಿನಲ್ಲೇ ಈ ಮಾತು ಹೇಳಿಕೊಳ್ಳುತ್ತೇನೆ.

ಅವರು ಪುದೀನಾ ಪೆಪ್ಪರ್‌ಮಿಂಟು ಚೀಪುತ್ತಿದ್ದರು. ಭಾನುವಾರ ಹಕ್ಕಿಗೂಡಿನಂಥ ಹ್ಯಾಟು ಇಟ್ಟುಕೊಂಡು ಚರ್ಚಿಗೆ ಹೋಗುತ್ತಿದ್ದರು. ಹಿಮ ತೆಗೆಯಲು ಹಾಕುವ ಕೋಟಿಗೂ ಇಸ್ತ್ರಿ ಮಾಡುತ್ತಿದ್ದರು. ನನ್ನ ಇಂಗ್ಲಿಷಿನಲ್ಲಿ ತಪ್ಪು ಬಂದರೆ ತಿದ್ದುತ್ತಿದ್ದರು, ಆದರೆ ಕಾರು ನಿಂತ ಮೇಲೆ ಮಾತ್ರ. ಅವರಿಗೆ ವ್ಯಾಕರಣದ ಹುಚ್ಚು ಯಾಕೆಂದು ನನಗೆ ಆಗ ಗೊತ್ತಿರಲಿಲ್ಲ.

ಈಗ ನನ್ನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಅವರ ಗುಣಗಾನ ಮಾಡುತ್ತ ನಾನು ಅದನ್ನೇ ಮುಂದೆ ತಳ್ಳುತ್ತಿದ್ದೇನೆ.

ಆ ವರ್ಷ ದಸರೆಗೆ ಮೊದಲ ಬಾರಿ ಮನೆಯಲ್ಲಿ ಗೊಂಬೆ ಕೂರಿಸಬೇಕೆಂದು ಆಸೆಯಾಯಿತು. ಅಮ್ಮ ಮೈಸೂರಿನಿಂದ ಬರುವವರ ಕೈಯಲ್ಲಿ ಪಟ್ಟದ ಗೊಂಬೆ, ಮಣ್ಣಿನ ಶೆಟ್ಟಿ, ಶೆಟ್ಟಮ್ಮ ಎಲ್ಲ ಕಳಿಸಿದ್ದರು. ಗೊಂಬೆ ಕೂರಿಸುವ ಮನೆಯವರಿಗೆ ಗೊತ್ತು, ರಾಜ ರಾಣಿ ಎಷ್ಟೇ ಮೇಲಿದ್ದರೂ ಮಕ್ಕಳು ಬಂದು ಕೂರುವುದು ಕೆಳಗಿನ ಮೆಟ್ಟಿಲಿನ ಶೆಟ್ಟರ ಅಂಗಡಿಯ ಮುಂದೆ. ಡೊಳ್ಳು ಹೊಟ್ಟೆಯ ಶೆಟ್ಟಿ, ದುಂಡನೆಯ ಶೆಟ್ಟಮ್ಮ, ಅವರ ಮುಂದೆ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ಪುಟ್ಟ ಗುಡ್ಡೆ. ನನ್ನ ಶೆಟ್ಟಮ್ಮ ಸೂಟ್‌ಕೇಸಿನಲ್ಲೇ ಚೂರು ಚೂರಾಗಿದ್ದಳು.

ಅದೇ ವಾರ ನಮ್ಮ ಸಬ್‌ಡಿವಿಷನ್ನಿನ ಕೊನೆಯ ಬೀದಿಯಲ್ಲಿ ಹಳೇ ಸಾಮಾನಿನ ಒಂದು ಗರಾಜ್ ಸೇಲ್. ಮನೆ ಖಾಲಿ ಮಾಡುತ್ತಿದ್ದ ಬಿಳಿಯ ಮುದುಕರೊಬ್ಬರ ಮೇಜಿನ ಕೆಳಗೆ, ರಟ್ಟಿನ ಪೆಟ್ಟಿಗೆಯಲ್ಲಿ, ನ್ಯೂಸ್ ಪೇಪರಿನಲ್ಲಿ ಸುತ್ತಿಟ್ಟದ್ದೊಂದು ಕಂಡಿತು. ಬಿಚ್ಚಿದರೆ ಪಿಂಗಾಣಿಯ ಹೆಂಗಸು. ಒಂದಡಿ ಎತ್ತರ, ಮಡಕೆಯಂಥ ಮೈ, ತಲೆಗೆ ಕೆಂಪು ವಸ್ತ್ರ, ಸೊಂಟಕ್ಕೆ ಬಿಳಿ ಏಪ್ರನ್. ಮುಖ ಕಾಡಿಗೆಯಷ್ಟು ಕಪ್ಪು, ತುಟಿ ಕೆಂಪಗೆ ಕಿವಿಯವರೆಗೆ ಅಗಲ, ಅದರ ನಡುವೆ ಸಾಲು ಬಿಳಿ ಹಲ್ಲು. ತಲೆ ಹಿಡಿದು ಎತ್ತಿದರೆ ಮುಚ್ಚಳದಂತೆ ಬಂತು. ಬಿಸ್ಕತ್ತು ಹಾಕಿಡುವ ಜಾಡಿ ಅದು.

"ಅದನ್ನು ಹೊರಗಿಡುವ ಹಾಗಿಲ್ಲ ನೋಡಿ ಈಗ" ಎಂದರು ಮುದುಕರು, ಸ್ವಲ್ಪ ಮುಜುಗರದಿಂದ. ಯಾಕೆಂದು ನಾನು ಕೇಳಲಿಲ್ಲ. ಕೇಳದೇ ಇರುವಷ್ಟು ಗೊತ್ತಿತ್ತು ನನಗೆ. ಶೆಟ್ಟಮ್ಮನ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಎತ್ತಿಕೊಂಡು ಬಂದೆ.

ಏಪ್ರನ್ ಮೇಲೆ ಹಸಿರು ರೇಷ್ಮೆಯ ತುಂಡು ಸುತ್ತಿ ಸೆರಗು ಮಾಡಿದೆ, ಹಣೆಗೆ ಕುಂಕುಮ ಇಟ್ಟೆ, ಶೆಟ್ಟಿಯ ಪಕ್ಕ ಕೂರಿಸಿ ಮುಂದೆ ತೊಗರಿಬೇಳೆ ಸುರಿದೆ. ಹನ್ನೊಂದು ವರ್ಷದ ಮಗಳು ಬಂದು ನೋಡಿ ಅಲ್ಲೇ ನಿಂತಳು.

"ಅಮ್ಮಾ, ಪ್ಲೀಸ್ ಡೋಂಟ್. ದಿಸ್ ಈಸ್ ರೇಸಿಸ್ಟ್. ಸ್ಕೂಲಲ್ಲಿ ಹೇಳಿದಾರೆ."

"ಗೊಂಬೇಲಿ ಎಂಥ ರೇಸಿಸಮ್ಮೇ? ನಮ್ಮ ಕೃಷ್ಣನೂ ಕಪ್ಪೇ" ಎಂದೆ.

"ದಟ್ಸ್ ನಾಟ್ ದ ಸೇಮ್, ಅಮ್ಮ."

"ಹೋಗು, ಓದ್ಕೋ ಹೋಗು."

ನವರಾತ್ರಿಯ ಶನಿವಾರ ಸಂಜೆ ಕನ್ನಡದ ಏಳೆಂಟು ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ಮೇಡಂ ಅವರನ್ನೂ ಕರೆದೆ. ಹಾಗೆ ಕರೆದಾಗ ಆ ಗೊಂಬೆ ನನಗೆ ನೆನಪಿರಲಿಲ್ಲವೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನೆನಪಿತ್ತು. ಸೀರೆ ಉಡಿಸಿದ್ದೇನಲ್ಲ, ಈಗ ಅವಳು ಶೆಟ್ಟಮ್ಮನೇ, ಏನೂ ಆಗುವುದಿಲ್ಲ ಎಂದುಕೊಂಡಿದ್ದೆ.

ಮೇಡಂ ಭಾನುವಾರದ ಹ್ಯಾಟು ಹಾಕಿಕೊಂಡು ಬಂದರು. ಬಾಗಿಲಲ್ಲಿ ಶೂ ಬಿಚ್ಚಿ, ಸೋಫಾದ ತುದಿಯಲ್ಲಿ ಕೂತು, ಮಡಿಲ ಮೇಲೆ ತಟ್ಟೆ ಇಟ್ಟುಕೊಂಡು ಚಮಚದಲ್ಲಿ ಕಡಲೆಕಾಳಿನ ಉಸಲಿ ತಿಂದರು. ನಮ್ಮವರೆಲ್ಲ ಅವರಿಗೊಂದು ಹಾಯ್ ಹೇಳಿ ಕನ್ನಡದಲ್ಲಿ ತಮ್ಮ ಮಾತಿಗೆ ತೊಡಗಿದರು. ಆಗ ನನ್ನ ಗೆಳತಿ, ಬೆಂಗಳೂರಿನವಳು, ಬಾಯಿ ಚುರುಕು, ಗೊಂಬೆಯತ್ತ ಒಮ್ಮೆ, ಸೋಫಾದತ್ತ ಒಮ್ಮೆ ನೋಡಿ ಅಂದಳು:

"ನೋಡೇ, ನಿನ್ನ ಶೆಟ್ಟಮ್ಮ ಎದ್ದು ಬಂದು ಸೋಫಾ ಮೇಲೆ ಕೂತಿದಾಳೆ!"

ಎಲ್ಲರೂ ಗೊಳ್ಳೆಂದರು. ಮಗನ ಮನೆಗೆ ಧಾರವಾಡದಿಂದ ಬಂದಿದ್ದ ಹಿರಿಯರೊಬ್ಬರು ಮಾತ್ರ, "ನಗಬ್ಯಾಡ್ರೀ. ಮನಿಗೆ ಬಂದ ಹೆಣಮಗಳು ಅಕಿ" ಎಂದರು. ಅವರ ಮಾತು ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತ್ತು. ಆದರೂ ನಾನೂ ನಕ್ಕೆ.

ಗೆಳತಿಗೆ ಬೇಸರವಾಗಬಾರದೆಂದು ನಕ್ಕೆ ಎಂದು ಹೇಳಬಹುದು. ಅದು ನಿಜವಲ್ಲ. ಮಾತು ತಮಾಷೆಯಾಗಿ ಕಂಡಿತು, ನಗು ಬಂತು. ನಾನೇನು ಹಾಲು ಬಣ್ಣದವಳಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಬರುತ್ತಿದ್ದ ಹಲ್ಲುಪುಡಿಯ ಪೊಟ್ಟಣದ ಮೇಲೆ ಕಪ್ಪು ಮುಖದವನೊಬ್ಬ ಹಲ್ಲು ಬಿಟ್ಟು ನಗುತ್ತಿದ್ದ. ನನ್ನ ಚಿಕ್ಕಪ್ಪನ ಮಕ್ಕಳು ನನ್ನನ್ನು ಹಲ್ಲುಪುಡಿ ಎಂದೇ ಕರೆಯುತ್ತಿದ್ದರು. ಹೆಣ್ಣು ನೋಡಲು ಬಂದ ದಿನವೂ ಒಬ್ಬ ಹಾಗೆ ಕೂಗಿದ್ದ. ಪೊಟ್ಟಣದ ಮೇಲಿನ ಮುಖಕ್ಕೆ ನಮ್ಮ ಮುಖವನ್ನು ಹೋಲಿಸಿದರೆ ಎದೆಗೆ ಹೇಗೆ ನಾಟುತ್ತದೆಂದು ಆ ಕೋಣೆಯಲ್ಲಿ ಚೆನ್ನಾಗಿ ತಿಳಿದಿದ್ದವಳು ನಾನೇ. ನಾನೇ ನಕ್ಕೆ.

ಮೇಡಂಗೆ ಕನ್ನಡ ಬಾರದು. ಆದರೆ ಏಳು ಜನರ ಕಣ್ಣು ಗೊಂಬೆಯಿಂದ ತನ್ನ ಮುಖಕ್ಕೆ ಬಂದು, ಆಮೇಲೆ ನಗು ಎದ್ದರೆ ಅರ್ಥವಾಗಲು ಯಾವ ಭಾಷೆಯೂ ಬೇಡ. ಅವರು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು. ಎದ್ದು ಗೊಂಬೆಯ ಮೆಟ್ಟಿಲ ಬಳಿ ಹೋಗಿ, ಮಂಡಿ ನೋಯುತ್ತಿದ್ದರೂ ಬಗ್ಗಿ, ನೋಡಿದರು.

"ಇವರು ಯಾರು?" ಎಂದು ನನ್ನನ್ನು ಕೇಳಿದರು.

"ಶೆಟ್ಟಮ್ಮ. ಅಂಗಡಿಯವರ ಹೆಂಡತಿ. ನಮ್ಮ ಸಂಪ್ರದಾಯ."

"ಭಾರತದಿಂದ ಬಂದದ್ದೇ?"

"ಹೌದು. ನಮ್ಮ ಅಜ್ಜಿಯದು" ಎಂದೆ.

ಅಜ್ಜಿಯ ಹೆಸರು ಯಾಕೆ ಬಂತೋ ನನಗೆ ಇಂದಿಗೂ ತಿಳಿಯದು. ಸತ್ತು ಸ್ವರ್ಗದಲ್ಲಿದ್ದ ನಮ್ಮಜ್ಜಿಯ ತಲೆಗೆ ಆ ಪಾಪ ಕಟ್ಟಿದೆ. ಮೇಡಂ, "ನಿಮ್ಮ ಅಜ್ಜಿಯದು" ಎಂದು ಮೆಲ್ಲಗೆ ಹೇಳಿ ನೆಟ್ಟಗಾದರು. ತಾಂಬೂಲ ಕೊಟ್ಟಾಗ ಎರಡೂ ಕೈ ಒಡ್ಡಿ ತೆಗೆದುಕೊಂಡರು. ರವಿಕೆ ಕಣವನ್ನು ಮುಟ್ಟಿ, "ಬಣ್ಣ ಚೆನ್ನಾಗಿದೆ" ಎಂದರು. ಶೂ ಹಾಕಿಕೊಂಡು ಹೋದರು. ಮಗಳು ಅಷ್ಟರಲ್ಲೇ ಮೇಲಕ್ಕೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ.

ಮಂಗಳವಾರ ಅವರು ಬರುವುದಿಲ್ಲವೆಂದುಕೊಂಡಿದ್ದೆ. ಬರದಿದ್ದರೆ ಸಾಕು ಎಂದೂ ಅಂದುಕೊಂಡಿದ್ದೆ. ಹತ್ತಕ್ಕೆ ಸರಿಯಾಗಿ ಹಾರ್ನ್ ಒಮ್ಮೆ ಸಣ್ಣಗೆ ಕೇಳಿಸಿತು.

"ಇವತ್ತು ದೊಡ್ಡ ರಸ್ತೆ" ಎಂದರು. ಶಿಕಾಗೋ ಕಡೆಯ ಹೈವೇ ಹಿಡಿಸಿದರು. ಮೂವತ್ತೈದು ಮೈಲಿ ಅವರು ಆಡಿದ್ದು ಎಕ್ಸಿಟ್ಟಿನ ನಂಬರು, ಲೇನಿನ ಮಾತು, ಅಷ್ಟೆ. ನಗರದ ದಕ್ಷಿಣ ಭಾಗದಲ್ಲಿ ಇಳಿದು, ಹಳೇ ಇಟ್ಟಿಗೆ ಕಟ್ಟಡಗಳ ಬೀದಿಯೊಂದರಲ್ಲಿ, ಮೊಬೈಲ್ ಫೋನ್ ಮಾರುವ ಅಂಗಡಿಯ ಎದುರು ನಿಲ್ಲಿಸಲು ಹೇಳಿದರು. ಲೋಟದ ನೀರು ಒಂದು ಹನಿ ಚೆಲ್ಲಿರಲಿಲ್ಲ. ಅದನ್ನು ಅವರು ಗಮನಿಸಿ ತಲೆದೂಗಿದರು.

"ಇದು ಮೊದಲು ದಿನಸಿ ಅಂಗಡಿ. ಆ ಕಿಟಕಿಯಲ್ಲಿ ನನ್ನ ತಾಯಿ ನಿಲ್ಲುತ್ತಿದ್ದರು" ಎಂದರು.

ಅವರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಪ್ಯಾನ್‌ಕೇಕ್ ಎಂಬ ದಪ್ಪ ದೋಸೆಯ ಹಿಟ್ಟಿನ ಒಂದು ಕಂಪನಿಯವರು ತಮ್ಮ ಡಬ್ಬದ ಮೇಲಿನ ನಗುಮುಖದ ಕಪ್ಪು ಅಡುಗೆಯವಳ ಹಾಗೆ ವೇಷ ಹಾಕಿ ಅಂಗಡಿಗಳಲ್ಲಿ ನಿಲ್ಲಲು ಹೆಂಗಸರನ್ನು ಗೊತ್ತು ಮಾಡುತ್ತಿದ್ದರಂತೆ. ಗುಲಾಮಗಿರಿಯ ಕಾಲದ ಅಡುಗೆಮನೆಯಿಂದ ನಗುನಗುತ್ತ ನಡೆದು ಬಂದವಳ ಹಾಗೆ ಕಾಣಬೇಕು. ತಾಯಿ ಶನಿವಾರ ಶನಿವಾರ ಆ ಕಿಟಕಿಯಲ್ಲಿ ಕಾವಲಿಯ ಮುಂದೆ ನಿಂತು ಹುಯ್ದು ಹುಯ್ದು ಕೊಡುತ್ತಿದ್ದರು. ಜಾತ್ರೆ, ವಸ್ತುಪ್ರದರ್ಶನಗಳಿದ್ದರೆ ಡೆಟ್ರಾಯಿಟ್‌ವರೆಗೆ ರೈಲಿನಲ್ಲಿ ಕಳಿಸುತ್ತಿದ್ದರು. ತಲೆಯ ಕೆಂಪು ಬಟ್ಟೆಯನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕಟ್ಟಿಕೊಂಡು, ಅಲ್ಲಿಯೇ ಬಿಚ್ಚಿಟ್ಟು, ಕೂದಲು ಬಾಚಿಕೊಂಡು, ಹ್ಯಾಟಿಟ್ಟುಕೊಂಡು ಮನೆಗೆ ಬರುತ್ತಿದ್ದರು.

"ಅಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಮನೆಯಲ್ಲಿ ನಾವು ಒಂದು ಕ್ರಿಯಾಪದ ತಪ್ಪಿದರೂ ಊಟ ನಿಲ್ಲಿಸಿ ತಿದ್ದಿಸುತ್ತಿದ್ದರು. ಕಂಪನಿಯವರು ಒಂದು ಹಾಳೆ ಕೊಟ್ಟಿದ್ದರು. ಗಿರಾಕಿಗಳಿಗೆ ಹೇಳಬೇಕಾದ ಮಾತು. ಎಲ್ಲ ತಪ್ಪು ತಪ್ಪು ಇಂಗ್ಲಿಷು. ಅಮ್ಮ ಅದನ್ನು ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡುತ್ತಿದ್ದರು. ನಮಗೆ ತಮಾಷೆ. ಒಂದು ದಿನ ಊಟದ ಹೊತ್ತಿಗೆ ನಾನು ಅದೇ ದನಿಯಲ್ಲಿ ಬೆಣ್ಣೆ ಕೇಳಿದೆ. ನನಗೆ ಏಟು ಬಿತ್ತು. ಆಮೇಲೆ ಅಮ್ಮ ಎದ್ದು ಹಿತ್ತಲಿಗೆ ಹೋದರು, ಎಷ್ಟು ಹೊತ್ತಾದರೂ ಬರಲಿಲ್ಲ."

ಮಕ್ಕಳು ಆ ಅಂಗಡಿಯ ಹತ್ತಿರ ಸುಳಿಯಬಾರದೆಂದು ಕಟ್ಟಪ್ಪಣೆಯಿತ್ತು. ಒಂಬತ್ತು ವರ್ಷದವರಿದ್ದಾಗ ಮೇಡಂ ಒಮ್ಮೆ ಒಳಗೆ ಹೋಗಿಬಿಟ್ಟರು.

"ಮಮ್ಮಾ ಅಂದೆ. ತಿರುಗಲಿಲ್ಲ. ಇನ್ನೊಮ್ಮೆ ಅಂದೆ. ಅಮ್ಮನಿಗೆ ಕೇಳಿಸಿತ್ತು, ಕುತ್ತಿಗೆಯ ನರ ಬಿಗಿದದ್ದು ನನಗೆ ಕಂಡಿತು. ಪಕ್ಕದಲ್ಲಿ ನಿಂತಿದ್ದ ನಾಲ್ಕೈದು ವರ್ಷದ ಬಿಳಿ ಮಗು, 'ಆಂಟಿ' ಅಂತು. ನಗುತ್ತ ತಿರುಗಿದರು." ಮೇಡಂ ಪೆಪ್ಪರ್‌ಮಿಂಟನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿದರು. "ಡಬ್ಬದ ಮೇಲಿನ ಹೆಸರೇ ಅದು, ಆಂಟ್ ಏನೋ ಒಂದು. ನಮ್ಮ ಹೆಂಗಸರಿಗೆ ಮಿಸೆಸ್ ಅನ್ನಲು ನಾಲಿಗೆ ಹೊರಳದವರು ಆಂಟಿ ಎನ್ನುತ್ತಿದ್ದರು. ಪ್ರೀತಿಯ ಮಾತು ಎಂದು ಅವರೆಲ್ಲ ತಿಳಿದಿದ್ದರು. ಅಮ್ಮ ಸಾಯುವವರೆಗೂ ಬೀದಿಯಲ್ಲಿ ಯಾರೋ ಗುರುತಿಲ್ಲದವರು ಹಾಗೆ ಕೂಗಿದರೆ ಅವರ ತಲೆ ತಾನಾಗಿ ತಿರುಗುತ್ತಿತ್ತು. ತಿರುಗಿದ್ದಕ್ಕೆ ತಮ್ಮ ಮೇಲೆ ತಾವೇ ಸಿಟ್ಟಾಗುತ್ತಿದ್ದರು."

ನನ್ನ ರವೆ ಉಂಡೆಯ ಡಬ್ಬಿ, ಹಲ್ಲು ಕಿರಿದ ನನ್ನ ಮುಖ, ಎಲ್ಲ ಕಣ್ಣ ಮುಂದೆ ಬಂತು.

"ಒಂದು ಕ್ರಿಸ್ಮಸ್ಸಿಗೆ ಕಂಪನಿಯವರು ಅಮ್ಮನಿಗೆ ಒಂದು ಜಾಡಿ ಉಡುಗೊರೆ ಕೊಟ್ಟರು" ಎಂದರು ಮೇಡಂ, ನನ್ನತ್ತ ನೋಡದೆ, ಅಂಗಡಿಯತ್ತಲೇ ನೋಡುತ್ತ. "ತಲೆ ಎತ್ತಿದರೆ ಮುಚ್ಚಳ. ಅಮ್ಮ ಅದನ್ನು ಅಟ್ಟದ ಮೇಲೆ ಗೋಡೆಗೆ ಮುಖ ಮಾಡಿ ಇಟ್ಟರು. ಕಂಪನಿಯವರು ಯಾವಾಗಲಾದರೂ ಮನೆಗೆ ಬಂದರೆ ಕೇಳಿಯಾರೆಂದು ಎಸೆಯಲಿಲ್ಲ."

ಕೊನೆಗೆ ಅವರು ನನ್ನ ಕಡೆ ತಿರುಗಿದರು. ಸಿಟ್ಟಿನ ಮುಖವಲ್ಲ. ಕಾಯುವ ಮುಖ, ಬಸ್ ಸ್ಟಾಪಿನಲ್ಲಿ ಓಡಿ ಬರುತ್ತಿರುವವರಿಗೆ ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಾರಲ್ಲ, ಹಾಗೆ.

"ನಿಮಗೆ ಏನಾದರೂ ಹೇಳಬೇಕೆನಿಸುತ್ತಿದೆಯೇ?" ಎಂದು ಕೇಳಿದರು.

ಹೇಳಬೇಕೆನಿಸಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಕ್ಷಮೆ ಕೇಳಬೇಕಾದರೆ ಅಜ್ಜಿಯ ಸುಳ್ಳು ಒಂದನ್ನೇ ಒಪ್ಪಿದರೆ ಸಾಲದು. ನಕ್ಕದ್ದು ಏಕೆಂದು ಹೇಳಬೇಕು. ಗೆಳತಿ ಆಡಿದ ಮಾತನ್ನು ಇಂಗ್ಲಿಷಿಗೆ ತಿರುಗಿಸಿ, ಅವರ ಮುಖ ನೋಡುತ್ತ, ನನ್ನ ಬಾಯಲ್ಲಿ ಮತ್ತೆ ಆಡಬೇಕು. ನನ್ನಿಂದ ಆಗಲಿಲ್ಲ.

"ವಾಪಸ್ ಹೋಗಲು ಎಡಕ್ಕೆ ತಿರುಗಲೇ, ಬಲಕ್ಕೆ ತಿರುಗಲೇ?" ಎಂದೆ.

ಅವರು ಅಂಗೈ ತಿರುಗಿಸಿ ಗಡಿಯಾರ ನೋಡಿದರು. "ಎಡಕ್ಕೆ" ಎಂದರು.

ಆ ಮಧ್ಯಾಹ್ನವೇ ಗರಾಜಿನಲ್ಲಿ ಆ ಜಾಡಿಯನ್ನು ಟವೆಲ್ಲಿನಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದೆ. ಪಶ್ಚಾತ್ತಾಪವೆಂದು ಆಗ ಅಂದುಕೊಂಡೆ, ಈಗ ಹಾಗೆನ್ನಿಸುವುದಿಲ್ಲ. ಕಳ್ಳ ಕದ್ದ ಮಾಲನ್ನು ಬಾವಿಗೆ ಎಸೆಯುತ್ತಾನಲ್ಲ, ಅದನ್ನೇ ನಾನು ಮಾಡಿದ್ದು.

ನವೆಂಬರಿನಲ್ಲಿ ನನ್ನ ರೋಡ್ ಟೆಸ್ಟ್ ಪಾಸಾಯಿತು. ಲೈಸೆನ್ಸ್ ಆಫೀಸಿನ ಹೊರಗೆ ಮೇಡಂ ನನ್ನ ಕೈ ಕುಲುಕಿ, "ನಿಮ್ಮ ಬಸ್ಸಿನಲ್ಲಿ ನಾನು ನಿಂತುಕೊಂಡೇ ಹೋಗಬಲ್ಲೆ" ಎಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾವ ಯೂನಿವರ್ಸಿಟಿಯೂ ಕೊಟ್ಟಿಲ್ಲ. ಮುಂದೆ ವರ್ಕ್ ಪರ್ಮಿಟ್ ಬಂದಾಗ ಡೆಸ್ ಪ್ಲೇನ್ಸ್‌ನ ಸರಕು ಸಾಗಣೆ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ದಿನಾ ಹನ್ನೆರಡು ಮೈಲಿ ಹೋಗುತ್ತೇನೆ, ಹನ್ನೆರಡು ಮೈಲಿ ಬರುತ್ತೇನೆ. ನನ್ನ ಜೀವನ ಅವರು ಕೊಟ್ಟದ್ದು ಎಂದರೆ ಉತ್ಪ್ರೇಕ್ಷೆಯಲ್ಲ.

ಮರುವರ್ಷದ ದಸರೆಗೂ ಕರೆದೆ. ಬಂದರು. ಆ ಸಲ ಬೇರೆ ಯಾರನ್ನೂ ಕರೆದಿರಲಿಲ್ಲ. ಅವರು ಬಗ್ಗಿ ಕೆಳಗಿನ ಮೆಟ್ಟಿಲು ನೋಡಿ, "ಪಾಪ, ಇವರು ವಿಧುರರಾಗಿದ್ದಾರೆ" ಎಂದರು.

"ಅದು... ಒಡೆದು ಹೋಯಿತು" ಎಂದೆ.

"ಹೌದೇ. ನಿಮ್ಮ ಅಜ್ಜಿಗೆ ಬೇಸರವಾಗಿರಬೇಕು."

ಅವರ ತುಟಿಯಂಚಿನಲ್ಲಿ ನಗುವಿತ್ತು. ಮತ್ತೊಮ್ಮೆ ಬಾಗಿಲು ತೆರೆದಿದ್ದರು. ನಾನು ಕೋಸಂಬರಿ ತರುತ್ತೇನೆಂದು ಅಡುಗೆಮನೆಗೆ ಓಡಿದೆ.

ಮಂಡಿಯ ಆಪರೇಷನ್ ಆದ ಮೇಲೆ ಅವರು ಮಗಳ ಮನೆಗೆ, ಡೆಟ್ರಾಯಿಟ್‌ಗೆ ಹೋದರು. ಎರಡು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಹಿಟ್ಟಿನ ಡಬ್ಬಗಳ ಮೇಲಿನ ಅಂಥ ಮುಖಗಳನ್ನೂ ಹೆಸರುಗಳನ್ನೂ ಕಂಪನಿಗಳು ತೆಗೆದುಹಾಕುತ್ತಿವೆ ಎಂದು ಸುದ್ದಿ ಬಂದಾಗ, ಖುಷಿಪಡುತ್ತಾರೆಂದು ನಾನೇ ಮೊದಲು ಹೇಳಿದೆ.

"ತೆಗೆಯಲಿ. ತೆಗೆಯಬೇಕಾದದ್ದೇ" ಎಂದರು. "ಆದರೆ ನನ್ನ ತಾಯಿಯ ಹೆಸರು ಅದರ ಮೇಲೆ ಎಲ್ಲಿಯೂ ಇರಲಿಲ್ಲವಲ್ಲ. ಅವರ ಪಾಲಿಗೆ ತೆಗೆಯಲೂ ಏನೂ ಇಲ್ಲ." ಆಮೇಲೆ ಮಾತು ಬದಲಿಸಿ, ಕಾರಿನ ಆಯಿಲ್ ಬದಲಾಯಿಸಿದಿರಾ ಎಂದು ಕೇಳಿದರು.

ಕಳೆದ ಮಾರ್ಚಿನಲ್ಲಿ ಅವರು ಹೋದರು. ನಿದ್ದೆಯಲ್ಲೇ ಹೋದರಂತೆ. ನಾನೊಬ್ಬಳೇ ಡ್ರೈವ್ ಮಾಡಿಕೊಂಡು, ಐದು ಗಂಟೆಯ ದಾರಿ, ಡೆಟ್ರಾಯಿಟ್‌ಗೆ ಹೋದೆ. ಇಟ್ಟಿಗೆಯ ಚರ್ಚು, ತುಂಬ ಹ್ಯಾಟುಗಳು. ಇಡೀ ಸಭೆಯಲ್ಲಿ ಸೀರೆಯವಳು ನಾನೊಬ್ಬಳೇ. ಅವರ ಮಗಳು, ನನ್ನಷ್ಟೇ ವಯಸ್ಸಿನವರು, ನನ್ನನ್ನು ಗುರುತು ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದರು. ನೆನಪು ಹೇಳಬಯಸುವವರು ಎದ್ದು ಹೇಳಬಹುದು ಎಂದು ಪಾದ್ರಿ ಕರೆದಾಗ ಆಕೆ ನನ್ನ ತೋಳು ಮುಟ್ಟಿ, "ನೀವು ಹೇಳಿ. ಅಮ್ಮ ನಿಮ್ಮ ಬಗ್ಗೆ ಬಹಳ ಮಾತಾಡುತ್ತಿದ್ದರು" ಎಂದರು.

ಎದ್ದು ನಿಂತೆ. ಈ ಸಲ ಹೇಳಿಬಿಡಬೇಕೆಂದೇ ಎದ್ದದ್ದು. ಮೊದಲು ನೀರಿನ ಲೋಟದ ಕಥೆ ಹೇಳಿದೆ, ಹದಿನಾಲ್ಕು ಮುದುಕಿಯರನ್ನು ಕೆಡವಿದ್ದು ಹೇಳಿದೆ. ಜನ ಚಪ್ಪಾಳೆ ತಟ್ಟಿ ನಕ್ಕರು. ಅಳುತ್ತಿದ್ದವರೂ ನಕ್ಕರು. ಅಷ್ಟು ಜನರ ಪ್ರೀತಿ ನನ್ನ ಮೇಲೆ ಹರಿಯಿತು. ನಾನು ಅದನ್ನು ಇಟ್ಟುಕೊಂಡು ಕೂತುಬಿಟ್ಟೆ. ಅವರ ಮಗಳು ನನ್ನನ್ನು ತಬ್ಬಿಕೊಂಡು, "ಅಮ್ಮನಿಗೆ ನಿಮ್ಮಂಥ ಗೆಳತಿ ಸಿಕ್ಕಿದ್ದು ನಮ್ಮ ಪುಣ್ಯ" ಎಂಬರ್ಥದ ಮಾತು ಹೇಳಿದರು. ನಾನು ಅದಕ್ಕೂ ತಲೆಯಾಡಿಸಿದೆ.

ಅದಕ್ಕೇ ಇದನ್ನು ಬರೆಯಲು ಕೂತದ್ದು. ಎರಡು ವಾರಾಂತ್ಯ ಹಿಡಿಯಿತು. ಕಾಲೇಜಿನಿಂದ ಬಂದಿದ್ದ ಮಗಳಿಗೆ ಓದಿ ಹೇಳಿದೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಪೂರ್ತಿ ಕೇಳಿದಳು.

"ಇಟ್ಸ್ ಗುಡ್, ಅಮ್ಮ" ಎಂದಳು. "ಬಟ್ ಯು ರೋಟ್ ಇಟ್ ಇನ್ ಕನ್ನಡ."

"ಮತ್ತಿನ್ಯಾವುದರಲ್ಲಿ ಬರೀಲಿ? ನಂಗೆ ಬರೋದು ಅದೇ ತಾನೆ."

"ದೇ ಕಾಂಟ್ ರೀಡ್ ಇಟ್."

ಅದನ್ನು ನಾನು ಯೋಚಿಸಿರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಆ ದಿನ ಅವರಿಗೆ ತಿಳಿಯದ ಭಾಷೆಯಲ್ಲಿ ನಕ್ಕವಳು, ಈಗ ಅವರ ಮನೆಯವರಿಗೆ ತಿಳಿಯದ ಭಾಷೆಯಲ್ಲಿ ತಪ್ಪೊಪ್ಪಿಕೊಂಡು ಹಗುರಾಗಲು ಹೊರಟಿದ್ದೆ.

ಅವರ ಮಗಳಿಗೆ ಕಳಿಸಲು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ಗರಾಜ್ ಸೇಲ್ ಆಯಿತು, ಸೀರೆಯ ತುಂಡು, ಕುಂಕುಮ ಆಯಿತು. ಗೆಳತಿಯ ಮಾತನ್ನೂ, ಕಣ್ಣು ಮುಚ್ಚಿಕೊಂಡು, ಹೇಗೋ ಇಂಗ್ಲಿಷಿಗೆ ತಂದೆ. ಅದರ ಮುಂದಿನ ವಾಕ್ಯ ನನ್ನದು, ನನ್ನ ನಗುವಿನದು. ಇಂಗ್ಲಿಷಿನಲ್ಲಿ ಅದು ಮೂರೇ ಪದ, ವ್ಯಾಕರಣದ ತೊಡಕೂ ಇಲ್ಲ. ಒಂಬತ್ತು ದಿನದಿಂದ ಅಲ್ಲಿಯೇ ನಿಂತಿದ್ದೇನೆ.